ಶಾಲಾ ಶಿಬಿರದಲ್ಲಿ ಹಾಕಿದ ಸೀಲೆಂಟ್ ಯಾಕೆ ಉದುರುತ್ತೆ? (ಆರನೇ ಹಲ್ಲು, ದೊಡ್ಡವರ ಹಲ್ಲು, ಎಲ್ಲ ಸೇರಿಸಿ)

#1 · ಶಾಲಾದಂತ

ಹುಳುಕು ತಡೆಯಲು ಮಕ್ಕಳ ದವಡೆ ಹಲ್ಲಿನ ಗೆರೆಗಳಿಗೆ ಶಿಬಿರದಲ್ಲಿ ಹಾಕಿದ ಸೀಲೆಂಟ್ (ಗೆರೆ ಮುಚ್ಚುವ ತೆಳು ಲೇಪ) ಆರು ತಿಂಗಳಲ್ಲಿ ಕಾಣದೆ ಹೋದರೆ ದೂರು ಮೊದಲು ಹೋಗುವುದು ಸಾಮಗ್ರಿ ಮೇಲೆ. ಅಗ್ಗದ ಮಾಲು, ಹಳೇ ಸ್ಟಾಕ್, ಅದು ಇದು. ಅವಧಿ ಮುಗಿದ ಬಾಟಲಿ ಆದರೆ ಆ ಮಾತು ಬೇರೆ. ಉಳಿದಂತೆ ಸೀಲೆಂಟ್ ಉದುರಿಸುವುದು ಎಂಜಲು. ಹಲ್ಲಿನ ಮೈ ಒರಟಾಗಲಿ ಅಂತ ಹಚ್ಚಿದ ಆ್ಯಸಿಡ್ ತೊಳೆದ ಮೇಲೆ, ರೆಸಿನ್ (ಲೈಟ್ ಬಿಟ್ಟರೆ ಗಟ್ಟಿಯಾಗುವ ಸೀಲೆಂಟ್) ಹಾಕುವ ಮುಂಚೆ ಸಿಗುವ ಅರ್ಧ ನಿಮಿಷದಲ್ಲಿ ಹಲ್ಲು ಒಣಗಿತ್ತಾ ಇಲ್ಲವಾ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಮೊದಲು ಹಲ್ಲು ಗುರುತಿಸೋದು. ಆರೇಳು ವರ್ಷಕ್ಕೆ ಬರುವ ಮೊದಲ ಕಾಯಂ ದವಡೆ ಹಲ್ಲು ಯಾವ ಹಾಲುಹಲ್ಲನ್ನೂ ಬೀಳಿಸದೆ ಸಾಲಿನ ಹಿಂತುದಿಯಲ್ಲಿ ಸದ್ದಿಲ್ಲದೆ ಏಳುತ್ತೆ. ಹಾಗಾಗಿ ಮನೆಯವರಿಗೆ ಅದೂ ಹಾಲುಹಲ್ಲಿನ ಲೆಕ್ಕ. 'ಹುಳುಕಾದರೆ ಆಗಲಿ, ಬಿದ್ದು ಬೇರೆ ಬರುತ್ತಲ್ಲ' ಅನ್ನೋ ಮಾತು ಹುಟ್ಟೋದು ಅಲ್ಲಿಂದ. ಎದುರು ಹಲ್ಲಿನ ನಡುಗೆರೆಯಿಂದ ಹಿಂದಕ್ಕೆ ಎಣಿಸಿ, ಆರನೆಯದು. ಕೇಸ್ ಶೀಟಿನಲ್ಲಿ ಈ ನಾಲ್ಕು ಹಲ್ಲಿನ ಸಂಖ್ಯೆ 16, 26, 36, 46. ಏಳನೇ ಹಲ್ಲು 11ರಿಂದ 13 ವರ್ಷದೊಳಗೆ ಬರುತ್ತೆ, ಆಗ ಇನ್ನೊಂದು ಸುತ್ತು.

ಈ ಹಲ್ಲಿನ ಮೇಲ್ಮೈ ಗೆರೆಗಳಲ್ಲಿ ಕೆಲವು 'ವಿ' ಆಕಾರದಲ್ಲಿ ಅಗಲಕ್ಕೆ ತೆರೆದಿರುತ್ತವೆ. ಕೆಲವು ಹೂಜಿಯ ಹಾಗೆ: ಬಾಯಿ ಕಿರಿದು, ಹೊಟ್ಟೆ ಅಗಲ. ಬ್ರಷ್‌ನ ಒಂದು ಕೂದಲು ಸುಮಾರು 0.2 ಮಿ.ಮೀ. ದಪ್ಪ, ಇಂಥ ಗೆರೆಯ ಬಾಯಿ ಅದರ ಅರ್ಧಕ್ಕಿಂತ ಹೆಚ್ಚಿರುವುದಿಲ್ಲ. ಎಷ್ಟೇ ಉಜ್ಜಿದರೂ ಒಳಗೆ ಹೋಗಲ್ಲ, ಬಿಸ್ಕತ್ತಿನ ಹಿಟ್ಟು ಮಾತ್ರ ಹೋಗುತ್ತೆ.

ರೆಸಿನ್ ಹಾಕುವ ಕ್ರಮ ಹೀಗೆ. ಎಣ್ಣೆ, ಗ್ಲಿಸರಿನ್ ಇಲ್ಲದ ಪ್ಯೂಮಿಸ್ (ಉಜ್ಜುವ ಕಲ್ಲು) ಪುಡಿಯನ್ನು ನೀರಲ್ಲಿ ಕಲಸಿ ಬ್ರಷ್ ಮಾಡಿ. ಮೋಟಾರ್ ಇಲ್ಲದ ಶಿಬಿರದಲ್ಲಿ ಒಣ ಟೂತ್‌ಬ್ರಷ್ ಸಾಕು. ಹತ್ತಿ ರೋಲ್ ಇಡಿ. ಶೇ 37ರ ಫಾಸ್ಫಾರಿಕ್ ಆ್ಯಸಿಡ್ ಜೆಲ್ಲನ್ನು ಗೆರೆಗಷ್ಟೇ ಅಲ್ಲ, ಇಳಿಜಾರಿನ ಮೇಲೆ ಎರಡು ಮಿ.ಮೀ. ವರೆಗೂ ಹಚ್ಚಿ 20–30 ಸೆಕೆಂಡ್ ಬಿಡಿ. 15–20 ಸೆಕೆಂಡ್ ತೊಳೆಯಿರಿ. ಒದ್ದೆ ರೋಲ್ ತೆಗೆದು ಹೊಸದು ಇಟ್ಟು ಗಾಳಿ ಬಿಡಿ. ಸುಣ್ಣ ಬಳಿದ ಗೋಡೆ ಒಣಗಿದಾಗ ಬರುವ ಮಾಸಲು ಬಿಳುಪು ಬರಬೇಕು. ಎಲ್ಲಾದರೂ ಹೊಳಪು ಉಳಿದಿದ್ದರೆ ಅಷ್ಟು ಜಾಗಕ್ಕೆ ಮತ್ತೆ ಜೆಲ್. ಆಮೇಲೆ ಸೀಲೆಂಟ್, 15–20 ಸೆಕೆಂಡ್ ಅದು ಇಳಿಯಲು ಬಿಟ್ಟು ಲೈಟ್.

ಬಿಳುಪು ಬಂದ ಮೇಲೆ ನಾಲಿಗೆ ಒಂದು ಸಲ ತಾಗಿದರೂ ಮುಗೀತು. ಎಂಜಲಿನ ಪ್ರೋಟೀನ್ ಆ್ಯಸಿಡ್ ಮಾಡಿದ ಸೂಕ್ಷ್ಮ ರಂಧ್ರಗಳನ್ನು ಕ್ಷಣದಲ್ಲಿ ಮುಚ್ಚುತ್ತೆ. ಗಾಳಿ ಬಿಟ್ಟರೆ ನೀರು ಆರುತ್ತೆ, ಪದರ ಅಲ್ಲೇ ಇರುತ್ತೆ. ಮತ್ತೆ 10–15 ಸೆಕೆಂಡ್ ಜೆಲ್ ಹಾಕಿ ತೊಳೆಯದೆ ಬೇರೆ ದಾರಿಯಿಲ್ಲ. ಸಾಲಲ್ಲಿ ಇನ್ನೂ ನಲವತ್ತು ಮಕ್ಕಳು ನಿಂತಿದ್ದಾರೆ ಅಂತ ಇದನ್ನ ನುಂಗಿಕೊಂಡು ಮುಂದೆ ಹೋಗೋದರಿಂದಲೇ ಶಿಬಿರದ ಸೀಲೆಂಟ್‌ಗೆ ಕೆಟ್ಟ ಹೆಸರು.

#2 · ಪೆಡೋ_ಹುಬ್ಬಳ್ಳಿ

ಸರ, ಒಂದು ಮಾತು ಬಿಟ್ಟೀರಿ. ಆರು ವರ್ಷದ ಹುಡುಗನ ಕೆಳಗಿನ ದವಡಿ ಹಲ್ಲು ಪೂರ್ತಿ ಎದ್ದಿರಂಗಿಲ್ಲ. ಹಿಂದಿನ ಅರ್ಧದ ಮ್ಯಾಲೆ ವಸಡಿನ ಪದರ ಹೊದ್ದಿರ್ತೈತಿ, ಅದರ ಅಡಿಗಿಂದ ನೀರು ಜಿನುಗತಾನೇ ಇರ್ತೈತಿ. ಅಲ್ಲಿ ನೀವು ಎಷ್ಟು ರೋಲ್ ಬದಲಿ ಮಾಡಿದ್ರೂ ಸುಣ್ಣದ ಬಿಳುಪು ಬರೂದಿಲ್ಲ. ಹಂತಾ ಹಲ್ಲಿಗೆ ರೆಸಿನ್ ಹಾಕೂದು ಹಸಿ ಗ್ವಾಡಿಗೆ ಆಯಿಲ್ ಪೇಂಟ್ ಹೊಡದಂಗ.

ಅಲ್ಲಿ ಗ್ಲಾಸ್ ಅಯೋನೊಮರ್ (ಹಸಿ ತಡಕೊಳ್ಳೂ ಸಿಮೆಂಟ್) ಹಾಕ್ರಿ. ವಸಡು ಸರದು ಹಲ್ಲು ಪೂರ್ತಿ ಬಾಯಿ ಬಿಟ್ಟ ಮ್ಯಾಲೆ ರೆಸಿನ್ ನೋಡೂಣು. ಹಲ್ಲು ಏಳಾಕ ಹತ್ತಿದ ತಿಂಗಳುಗಳಾಗನ ಹುಳುಕು ಹಿಡಿಯೂದು ಜಾಸ್ತಿ, ಯಾಕಂದ್ರ ಎದುರಿನ ಹಲ್ಲು ಇನ್ನೂ ತಾಗಿರಂಗಿಲ್ಲ, ಅಗಿಯೂದರಿಂದ ಆಗೂ ಸ್ವಚ್ಛತಾ ಆಗಂಗಿಲ್ಲ, ಬ್ರಷ್ ಸೈತ ಮುಂದಿನ ಹಲ್ಲಿನ ಮಟ್ಟದಾಗ ಹೊಳ್ಳತೈತಿ. ಒಂದು ವರ್ಷ ಕಾಯೂಣು ಅಂದ್ರ ಆ ವರ್ಷನ ತಪ್ಪೂ ವರ್ಷ.

#3 · ಕರಾವಳಿ_ರೆಸಿನ್

ಗ್ಲಾಸ್ ಅಯೋನೊಮರ್ ತಾತ್ಕಾಲಿಕಕ್ಕೆ ಸರಿ, ಒಪ್ಪಿದೆ. ಆದರೆ ಅದನ್ನೇ ಎಲ್ಲ ಮಕ್ಕಳಿಗೆ ಹಾಕಿ 'ಸೀಲೆಂಟ್ ಶಿಬಿರ' ಅಂತ ಬ್ಯಾನರ್ ಕಟ್ಟುವುದು ನೋಡಿದರೆ ಬೇಜಾರಾಗುತ್ತದೆ ಮಾರಾಯ್ರೆ. ಪೂರ್ತಿ ಎದ್ದ ಹಲ್ಲಿನಲ್ಲಿ ಉಳಿಯುವಿಕೆಗೆ ರೆಸಿನ್‌ಗೆ ಸಾಟಿಯಿಲ್ಲ.

ರೆಸಿನ್ ಉದುರಲು ಎಂಜಲೊಂದೇ ಕಾರಣ ಅಲ್ಲ, ಯಂತ್ರವೂ ಉಂಟು. ಕಂಪ್ರೆಸರ್‌ನಿಂದ ಬರುವ ಗಾಳಿಯಲ್ಲಿ ನೀರು ಅಥವಾ ಎಣ್ಣೆ ಇರುತ್ತದೆ. ಪರೀಕ್ಷೆ ಸುಲಭ: ಒಣ ಬಾಯಿಕನ್ನಡಿಯನ್ನು ಸಿರಿಂಜಿನ ತುದಿಗೆ ಹಿಡಿದು ಬರೀ ಗಾಳಿ ಬಿಡಿ. ಸಣ್ಣ ಹನಿ ಬಿದ್ದರೆ ನೀರು, ಕನ್ನಡಿ ಒರೆಸಿದಾಗ ಕಾಮನಬಿಲ್ಲಿನ ಬಣ್ಣದ ಜಿಡ್ಡು ಉಳಿದರೆ ಎಣ್ಣೆ. ಟ್ಯಾಂಕಿನ ತಳದ ನಲ್ಲಿ ಬಿಚ್ಚಿ ನೀರು ಹೊರಬಿಡಿ, ಫಿಲ್ಟರ್ ನೋಡಿ. ಮಂಗಳೂರಿನ ಮಳೆಗಾಲದಲ್ಲಿ ಇದನ್ನು ಪ್ರತಿದಿನ ಬೆಳಿಗ್ಗೆ ಮಾಡಬೇಕು.

ಎರಡನೆಯದು ಗುಳ್ಳೆ. ಸೀಲೆಂಟ್ ಹಾಕಿ ಸೂಜಿಯಲ್ಲಿ ಕಲಕಿದರೆ ಗಾಳಿ ಒಳಗೆ ಸೇರುತ್ತದೆ. ಒಂದು ತುದಿಯಿಂದ ಹಾಕಿ ಅದನ್ನು ಗೆರೆಯಲ್ಲಿ ಹರಿಯಗೊಡಿ: ಕೆಳಗಿನ ಹಲ್ಲಿಗೆ ಹಿಂದಿನಿಂದ ಮುಂದಕ್ಕೆ, ಮೇಲಿನ ಹಲ್ಲಿಗೆ ಮುಂದಿನಿಂದ ಹಿಂದಕ್ಕೆ. ಜಾಸ್ತಿ ಹಾಕಿದರೆ ಹಿಂದಿನ ಅಂಚು ದಾಟಿ ಹೋಗಿ ಅಲ್ಲೊಂದು ತಟ್ಟೆಯ ಹಾಗೆ ಗಟ್ಟಿಯಾಗುತ್ತದೆ, ಅಡಿಯಲ್ಲಿ ಅನ್ನ ಸಿಕ್ಕಿಕೊಳ್ಳುತ್ತದೆ.

ಮೂರನೆಯದು ಲೈಟ್. ತುದಿಯ ಗಾಜಿನಲ್ಲಿ ಹಳೇ ರೆಸಿನ್ ಅಂಟಿದ್ದರೆ, ಬ್ಯಾಟರಿ ಇಳಿದಿದ್ದರೆ, ಮೇಲಿನ ಪದರ ಮಾತ್ರ ಗಟ್ಟಿ, ತಳ ಮೆತ್ತಗೆ. ದೊಡ್ಡ ದವಡೆ ಹಲ್ಲು ಒಂದು ತುದಿಗೆ ಪೂರ್ತಿ ಸಿಗುವುದಿಲ್ಲ. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ, 20–20 ಸೆಕೆಂಡ್. ಬಿಳಿ ಬಣ್ಣದ ಸೀಲೆಂಟ್‌ನಲ್ಲಿ ಬೆಳಕು ಒಳಗಿಳಿಯುವುದು ಕಷ್ಟ, ಅದಕ್ಕೆ ಕಂಪನಿಯ ಚೀಟಿ ನೋಡಿ ಸಮಯ ಕೊಡಿ. ಹಾಗಿದ್ದರೂ ಶಿಬಿರಕ್ಕೆ ನನ್ನ ಆಯ್ಕೆ ಬಿಳಿಯದೇ. ಮುಂದಿನ ವರ್ಷ ಬೇರೆಯವರು ಟಾರ್ಚ್ ಹಿಡಿದು ನೋಡಿದಾಗಲೂ ಕಾಣುತ್ತದೆ.

#4 · ಆರನೇಹಲ್ಲು

ಸಹಾಯಕರ ಕಡೆಯಿಂದ ಎರಡು ಮಾತು, ಯಾಕಂದ್ರೆ ಹಲ್ಲು ಒಣಗಿಸಿ ಇಡೋದು ಡಾಕ್ಟರ್ ಕೈಯಲ್ಲಿ ಅಲ್ಲ, ನಮ್ಮ ಕೈಯಲ್ಲಿರುತ್ತೆ. ಒಬ್ಬರೇ ಮಾಡೋ ಸೀಲೆಂಟ್‌ಗಿಂತ ನಾಲ್ಕು ಕೈ ಸೇರಿ ಮಾಡಿದ್ದು ಹೆಚ್ಚು ದಿನ ನಿಲ್ಲುತ್ತೆ.

ಮೇಲಿನ ಹಲ್ಲಿಗೆ: ಕೆನ್ನೆ ಒಳಗೆ, ಮೇಲಿನ ಏಳನೇ ಹಲ್ಲಿನ ಜಾಗದ ಎದುರಿಗೆ ಜೊಲ್ಲಿನ ನಾಳ ತೆರೆಯುತ್ತೆ. ರೋಲ್ ಅದರ ಮೇಲೇ ಕೂರಬೇಕು; ತ್ರಿಕೋನದ ಹೀರುಕಾಗದ ಇದ್ದರೆ ಇನ್ನೂ ಒಳ್ಳೇದು. ಕೆಳಗಿನ ಹಲ್ಲಿಗೆ: ಕೆನ್ನೆ ಕಡೆ ಒಂದು ರೋಲ್, ನಾಲಿಗೆ ಕಡೆ ಒಂದು. ನಾಲಿಗೆ ಕಡೆಯದನ್ನ ಕನ್ನಡಿ ಹಿಡಿಕೆಯಿಂದ ಒತ್ತಿ ಹಿಡೀಬೇಕು, ಇಲ್ಲಾಂದ್ರೆ ಮಗು ನುಂಗಿದ ತಕ್ಷಣ ಅದು ಎದ್ದು ಬರುತ್ತೆ.

ರೋಲ್ ಬದಲಾಯಿಸುವಾಗ ಒದ್ದೆ ರೋಲ್ ಮೊದಲು ತೆಗೀಬೇಡಿ. ಅದರ ಮೇಲೆ ಹೊಸದನ್ನ ಇಟ್ಟು, ಆಮೇಲೆ ಕೆಳಗಿನದನ್ನ ಎಳೀರಿ. ಮತ್ತೆ, ಜೆಲ್ ತೊಳೆಯುವಾಗ ಮಗುಗೆ ಹುಳಿ ರುಚಿ ಬರುತ್ತೆ, ಬಾಯಿ ಮುಚ್ಚಿಬಿಡುತ್ತೆ. 'ಈಗ ಹುಣಸೆಹಣ್ಣಿನ ಹುಳಿ ಬರುತ್ತೆ, ಬಾಯಿ ತೆಗೆದೇ ಇರು' ಅಂತ ಮೊದಲೇ ಹೇಳಿದರೆ ಅರ್ಧ ಕೆಲಸ ಆದಂಗೆ.

ಒಂದು ಸಲಕ್ಕೆ ನಾಲ್ಕೂ ಹಲ್ಲು ಮಾಡೋ ಹಟ ಬೇಡ. ಬಲಗಡೆ ಮೇಲೆ-ಕೆಳಗೆ ಮುಗಿಸಿ, ಉಗಿಸಿ, ಆಮೇಲೆ ಎಡಗಡೆ.

#5 · ಪೆಡೋ_ಹುಬ್ಬಳ್ಳಿ

@ಕರಾವಳಿ_ರೆಸಿನ್ ಸರ, ಬ್ಯಾನರ್ ಬಗ್ಗೆ ನಿಮ್ಮ ಮಾತು ಖರೆ. ಆದ್ರ ಗ್ಲಾಸ್ ಅಯೋನೊಮರ್ ಕಣ್ಣಿಗೆ ಬಿದ್ದು ಹೋದಂಗ ಕಂಡ್ರೂ ಗೆರಿ ತಳದಾಗ ಒಂದಿಷ್ಟು ಉಳದಿರ್ತೈತಿ, ಫ್ಲೋರೈಡ್ ಬಿಡ್ತಾನ ಇರ್ತೈತಿ. 'ಉದುರೇತಿ' ಅಂತ ಬರಿಯೂ ಮುಂಚೆ ಅದನ್ನೂ ನೋಡ್ರಿ.

ಕ್ರಮ ಹೇಳ್ತೀನಿ. ಶೇ 10ರ ಪಾಲಿಅಕ್ರಿಲಿಕ್ ಆ್ಯಸಿಡ್ ಸಣ್ಣ ಹತ್ತಿ ಉಂಡಿಲೆ 10–15 ಸೆಕೆಂಡ್ ತಿಕ್ಕಿ ತೊಳೀರಿ. ಇಲ್ಲಿ ಸುಣ್ಣದ ಬಿಳುಪು ಬ್ಯಾಡ. ಹತ್ತಿ ಉಂಡಿ ಒತ್ತಿ ನೀರು ತಗೀರಿ, ಹಲ್ಲು ಸ್ವಲ್ಪ ಹೊಳೀತಿರಬೇಕು. ಭಾಳ ಒಣಗಿಸಿದ್ರ ಅಂಟೂದು ಕಡಿಮಿ ಆಗತೈತಿ. ರೆಸಿನ್ ಕಲತವರು ತಪ್ಪೂದು ಇಲ್ಲೇ.

ಕೈಲೆ ಕಲಸೂ ಪುಡಿ ಆದ್ರ: ಮಟ್ಟ ಮಾಡಿದ ಒಂದು ಚಮಚಕ್ಕ ಒಂದು ಹನಿ. ಬಾಟ್ಲಿ ಮೊದ್ಲ ಅಡ್ಡ ಹಿಡದು ಗಾಳಿ ಬಿಡಿಸಿ, ಆಮ್ಯಾಲೆ ನೆಟ್ಟಗ ತಲಿಕೆಳಗ ಮಾಡಿ ಹನಿ ಹಾಕ್ರಿ. ಓರೆ ಹಿಡದ್ರ ಹನ್ಯಾಗ ಗುಳ್ಳಿ ಬಂದು ಅಳತಿ ತಪ್ಪತೈತಿ. ಕಲಸಿದ್ದು ಹೊಳಪು ಹೋಗೂದ್ರಾಗ ಹಲ್ಲಿಗೆ ಹೋಗಬೇಕು. ಹೊಳಪು ಹೋದದ್ದು ಅಂಟಂಗಿಲ್ಲ, ಚೆಲ್ರಿ.

ಆಮ್ಯಾಲೆ ಗ್ಲೌಸಿನ ಬೆರಳಿಗೆ ಒಂಚೂರು ವ್ಯಾಸಲೀನ್ ಹಚ್ಚಿ ಹಲ್ಲಿನ ಮ್ಯಾಲೆ 10–15 ಸೆಕೆಂಡ್ ಗಟ್ಟಿ ಒತ್ರಿ. ಬೆರಳು ನೆಟ್ಟಗ ಮ್ಯಾಲೆ ಎತ್ತಬ್ಯಾಡ್ರಿ, ಸಾಮಾನು ಸೈತ ಎದ್ದು ಬರ್ತೈತಿ. ಬಾಜೂಕ ಜಾರಿಸಿ ತಗೀರಿ. ಅಂಚಿಗೆ ಬಂದದ್ದನ್ನ ಕೆತ್ತಿ ತಗದು, ಮ್ಯಾಲೆ ಇನ್ನೊಮ್ಮೆ ವ್ಯಾಸಲೀನ್. ಒಂದು ತಾಸು ಏನೂ ತಿನ್ನಂಗಿಲ್ಲ. ಕರೆಂಟ್ ಬ್ಯಾಡ, ಕಂಪ್ರೆಸರ್ ಬ್ಯಾಡ, ಲೈಟ್ ಬ್ಯಾಡ. ತಾಂಡಾದ ಶಾಲಿಗೆ ಹೋಗವ್ರು ಲೆಕ್ಕ ಹಾಕ್ರಿ.

#6 · ರಸಾಯನ_ಮೇಷ್ಟ್ರು

ದಂತವೈದ್ಯನಲ್ಲ, ರಸಾಯನಶಾಸ್ತ್ರದವನು. ಎರಡು ವಿಷಯ.

ಒಂದು, ಈ ಎಚಿಂಗ್ (ಆ್ಯಸಿಡ್‌ನಿಂದ ಹಲ್ಲಿನ ಮೈ ಒರಟು ಮಾಡುವುದು) ಬಂದ ದಾರಿ ಸ್ವಾರಸ್ಯವಾಗಿದೆ. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆ್ಯಸಿಡ್ ಬಳಸುತ್ತಿದ್ದರು. ಅದೇ ಉಪಾಯವನ್ನು ಮೈಕಲ್ ಬುವೊನೊಕೋರ್ 1955ರಲ್ಲಿ ಹಲ್ಲಿಗೆ ತಂದರು. ಅವರು ಬಳಸಿದ್ದು ಶೇ 85ರ ಆ್ಯಸಿಡ್, 30 ಸೆಕೆಂಡ್. ಈಗಿನ ಶೇ 37 ಆಮೇಲೆ ಬಂದದ್ದು. ಸಾಂದ್ರತೆ ತೀರಾ ಹೆಚ್ಚಾದರೆ ಕರಗಿದ ಕ್ಯಾಲ್ಸಿಯಂ ಲವಣ ಅಲ್ಲೇ ಕೂತು ಮುಂದಿನ ಕರಗುವಿಕೆಗೆ ಅಡ್ಡ ಬರುತ್ತದೆ. 'ಖಾರ ಜಾಸ್ತಿ ಆದಷ್ಟೂ ಒಳ್ಳೆಯದು' ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎರಡು, ಬಿಪಿಎ (ಬಿಸ್ಫೆನಾಲ್-ಎ, ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ). ವಾಟ್ಸ್ಆ್ಯಪ್‌ನಲ್ಲಿ 'ಸೀಲೆಂಟ್ ಅಂದರೆ ಪ್ಲಾಸ್ಟಿಕ್ ವಿಷ' ಅಂತ ಓಡಾಡುತ್ತಿದೆ. ರೆಸಿನ್‌ನಲ್ಲಿರುವ ಬಿಸ್-ಜಿಎಂಎ ಅಣು ಎಂಜಲಿನಲ್ಲಿ ಬಿಪಿಎ ಆಗಿ ಒಡೆಯುವುದಿಲ್ಲ. ಬಿಸ್-ಡಿಎಂಎ ಅನ್ನುವ ಇನ್ನೊಂದು ಅಣು ಎಂಜಲಿನ ಕಿಣ್ವದಿಂದ ಒಡೆಯಬಲ್ಲದು. ಹಾಗಾದರೆ ನೀವು ಬಳಸುವ ಬಾಟಲಿಯಲ್ಲಿ ಯಾವುದಿದೆ, ಹಾಕಿದ ಮೇಲೆ ಏನು ಮಾಡುತ್ತೀರಿ?

#7 · ಶಾಲಾದಂತ

ಮೇಷ್ಟ್ರೇ, ಕೇಳಿದ್ದು ಸರಿಯಾದ ಪ್ರಶ್ನೆ. ಯಾವ ಅಣು ಅನ್ನೋದು ಪ್ಯಾಕಿನ ಸುರಕ್ಷತಾ ಚೀಟಿಯಲ್ಲಿರುತ್ತೆ, ತರಿಸಿಕೊಂಡು ಓದಬೇಕು. ಬಿಸ್-ಜಿಎಂಎ ಇಲ್ಲದವೂ ಸಿಗುತ್ತವೆ.

ಮಾಡಬೇಕಾದ್ದು ಇಷ್ಟು. ಲೈಟ್ ಕೊಟ್ಟ ಮೇಲೂ ಗಾಳಿಗೆ ತಾಗಿದ ಮೇಲ್ಪದರ ಗಟ್ಟಿಯಾಗಿರಲ್ಲ, ಆಮ್ಲಜನಕ ಅದನ್ನ ತಡೆಯುತ್ತೆ. ಬೆರಳಿಗೆ ಜಿಗುಟಾಗಿ ಸಿಗುತ್ತೆ. ಒಂದಿಷ್ಟು ಬಿಪಿಎ ಬಂದರೆ ಅದು ಇಲ್ಲಿಂದಲೇ, ಹಾಕಿದ ಮೊದಲ ಕೆಲವು ಗಂಟೆಗಳಲ್ಲಿ. ಒದ್ದೆ ಹತ್ತಿಯಲ್ಲಿ ಪ್ಯೂಮಿಸ್ ಅದ್ದಿ ಉಜ್ಜಿ ತೆಗೆದು, ಅರ್ಧ ನಿಮಿಷ ಬಾಯಿ ಮುಕ್ಕಳಿಸಿ ಉಗಿಸಿ. ನುಂಗಿಸಬೇಡಿ. ಆ ಜಿಗುಟು ಹೋದ ಮೇಲೆ ಉಳಿಯೋದು ಗಟ್ಟಿ ಪಾಲಿಮರ್. ಈ ಒಂದು ಹೆಜ್ಜೆಯನ್ನ ಬಹಳ ಜನ ಬಿಡ್ತಾರೆ, ಮಗು 'ಕಹಿ ಕಹಿ' ಅನ್ನೋದೂ ಅದಕ್ಕೇ.

#8 · ಬಯಲುಸೀಮೆ

ಪಾವಗಡ, ಮುಳಬಾಗಿಲು ಕಡೆಯ ಮಕ್ಕಳ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಸುಣ್ಣದ ಗೆರೆ, ಕಂದು ಕಲೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿ.ಗ್ರಾಂ ಒಳಗಿರಲಿ, ಬೇರೆ ನೀರಿಲ್ಲದಿದ್ದರೆ 1.5 ಮೀರಬಾರದು ಅಂತ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಮಾನದಂಡ. ಅಲ್ಲಿನ ಎಷ್ಟೋ ಊರಿನ ನೀರು ಅದನ್ನ ದಾಟಿದೆ. ಎರಡು ಪ್ರಶ್ನೆ: ಇಂಥ ಹಲ್ಲಿಗೆ ಹುಳುಕು ಬರಲ್ಲ ಅಂತಾರಲ್ಲ, ಸೀಲೆಂಟ್ ಬೇಕಾ? ಬೇಕಾದರೆ, ಎಚಿಂಗ್ ಮಾಡಿದ್ದು ಗೊತ್ತಾಗೋದು ಹೇಗೆ, ಹಲ್ಲು ಮೊದಲೇ ಬಿಳಿ ಇದೆಯಲ್ಲ?

#9 · ಕರಾವಳಿ_ರೆಸಿನ್

ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಕಲೆಯಾದ) ಹಲ್ಲಿನ ಹೊರಪದರ ಆ್ಯಸಿಡ್‌ಗೆ ಸುಲಭಕ್ಕೆ ಬಗ್ಗುವುದಿಲ್ಲ, ಅದರ ಅಡಿಯ ಪದರ ಮಾತ್ರ ತೂತುತೂತು. ತೀವ್ರವಾಗಿದ್ದರೆ ಮೇಲ್ಪದರ ಒಡೆದು ಗುಳಿ ಬೀಳುತ್ತದೆ, ಆ ಗುಳಿಯಲ್ಲಿ ಹುಳುಕು ಚೆನ್ನಾಗಿಯೇ ಹಿಡಿಯುತ್ತದೆ. 'ಬರುವುದಿಲ್ಲ' ಎನ್ನುವುದು ತಪ್ಪು.

ಜೆಲ್ ಸಮಯ 60 ಸೆಕೆಂಡಿಗೆ ಏರಿಸಿ. ಗುರುತು ಹಿಡಿಯಬೇಕಾದ್ದು ಬಣ್ಣದಿಂದ ಅಲ್ಲ, ಹೊಳಪಿನಿಂದ. ಫ್ಲೋರೋಸಿಸ್ ಬಿಳುಪಿನ ಮೇಲೆ ಲೈಟ್ ಬಿಟ್ಟರೆ ಮಿಂಚುತ್ತದೆ, ಎಚಿಂಗ್ ಆದ ಬಿಳುಪು ಮಿಂಚುವುದಿಲ್ಲ. ಮಿಂಚು ಉಳಿದ ಕಡೆ ಮತ್ತೆ ಜೆಲ್. ಸೀಲೆಂಟ್ ಅಡಿಗೆ ಒಂದು ತೆಳು ಪದರ ಬಾಂಡಿಂಗ್ (ಅಂಟುದ್ರವ) ಹಚ್ಚಿ, ಗಾಳಿಯಲ್ಲಿ ಹರಡಿ.

ಮೊದಲ ದವಡೆ ಹಲ್ಲು ಮತ್ತು ಎದುರು ಹಲ್ಲಿಗೆ ಮಾತ್ರ ಹಳದಿ-ಕಂದು ತೇಪೆ ಇದ್ದು, ಉಳಿದವು ಚೆನ್ನಾಗಿದ್ದರೆ ಅದು ಫ್ಲೋರೋಸಿಸ್ ಆಗಿರಲಿಕ್ಕಿಲ್ಲ. ಎಂಐಎಚ್ ಎನ್ನುವ ಬೇರೆ ತೊಂದರೆ. ಅಲ್ಲಿ ಎನಾಮೆಲ್ ಮೆದು, ಸೀಲೆಂಟ್ ಜೊತೆ ಎನಾಮೆಲ್ಲೇ ಪುಡಿಯಾಗಿ ಬರುತ್ತದೆ. ತಣ್ಣನೆ ಗಾಳಿ ಬಿಟ್ಟರೆ ಮಗು ಹಾರುತ್ತದೆ. ಅದಕ್ಕೆ ಮೊದಲು ಗ್ಲಾಸ್ ಅಯೋನೊಮರ್, ಶಿಬಿರದಿಂದ ನೇರ ದಂತ ಕಾಲೇಜಿನ ಮಕ್ಕಳ ವಿಭಾಗಕ್ಕೆ ಚೀಟಿ.

#10 · ಆರನೇಹಲ್ಲು

ಗೆರೆ ಕಪ್ಪಗಿದ್ದರೆ ಸೀಲ್ ಮಾಡಬಹುದಾ? ಪ್ರತಿ ಶಿಬಿರದಲ್ಲೂ ಇದೇ ಜಗಳ. 'ಹುಳುಕನ್ನ ಒಳಗೆ ಕೂಡಿಹಾಕಿದಂಗೆ ಆಗಲ್ವಾ' ಅಂತ.

#11 · ಶಾಲಾದಂತ

ಕೂಡಿಹಾಕಿದರೆ ಅದಕ್ಕೆ ಊಟ ಸಿಗಲ್ಲ, ಅದೇ ಇಲ್ಲಿಯ ಉಪಾಯ. ಗುಳಿ ಬೀಳದ ಆರಂಭದ ಹುಳುಕನ್ನ ಸೀಲ್ ಮಾಡಬಹುದು ಅಂತ ಅಮೆರಿಕದ ದಂತವೈದ್ಯ ಸಂಘ ಮತ್ತು ಮಕ್ಕಳ ದಂತವೈದ್ಯ ಅಕಾಡೆಮಿ 2016ರಲ್ಲಿ ಒಟ್ಟಾಗಿ ಕೊಟ್ಟ ಮಾರ್ಗಸೂಚಿಯೇ ಹೇಳುತ್ತೆ. ಸಕ್ಕರೆ ಒಳಗೆ ಹೋಗದಿದ್ದರೆ ಬ್ಯಾಕ್ಟೀರಿಯಾ ಸೊರಗುತ್ತೆ. ಆದರೆ ಸೀಲ್ ಪೂರ್ತಿ ಬಿಗಿಯಾಗಿರಬೇಕು. ಅರ್ಧ ಎದ್ದ ಸೀಲ್ ಅಡಿಯಲ್ಲಿ ಹುಳುಕು ಬಿಟ್ಟರೆ ಕೆಲಸ ಕೆಟ್ಟಿತು.

ನೋಡೋ ರೀತಿ: ತೊಳೆದು, ಐದು ಸೆಕೆಂಡ್ ಗಾಳಿಯಲ್ಲಿ ಒಣಗಿಸಿ, ಕಣ್ಣಲ್ಲೇ ನೋಡಿ. ಚೂಪು ಎಕ್ಸ್‌ಪ್ಲೋರರ್ ಕಡ್ಡಿ ಚುಚ್ಚಿ 'ಸಿಕ್ಕಿಕೊಳ್ತು, ಹುಳುಕು' ಅನ್ನೋ ಹಳೇ ಪದ್ಧತಿ ಬಿಡಿ. ಮೆತ್ತಗಾದ ಎನಾಮೆಲ್ ಆ ಚುಚ್ಚಿಗೇ ಮುರಿಯುತ್ತೆ. ಗೆರೆಯಲ್ಲಿ ಕಪ್ಪು ದಾರದಂಥ ಕಲೆ ಮಾತ್ರ ಇದ್ದರೆ ಸೀಲ್ ಮಾಡಿ. ಗೆರೆಯ ಪಕ್ಕದ ಎನಾಮೆಲ್ ಒಳಗಿಂದ ಬೂದಿ ಬಣ್ಣ ಹೊಡೆದರೆ, ಅಥವಾ ಗುಳಿ ಕಂಡರೆ ಅದು ಫಿಲ್ಲಿಂಗ್ ಕೇಸು. ಅನುಮಾನ ಇದ್ದರೆ ಬೈಟ್‌ವಿಂಗ್ ಎಕ್ಸ್‌ರೇ. ಹಲ್ಲು-ಹಲ್ಲಿನ ನಡುವಿನ ಹುಳುಕು ಅದರಲ್ಲೇ ಸಿಗೋದು, ಆ ಜಾಗಕ್ಕೆ ಮೇಲಿನ ಸೀಲೆಂಟ್ ಏನೂ ಮಾಡಲ್ಲ.

#12 · ಬಯಲುಸೀಮೆ

ದೊಡ್ಡವರಿಗೆ? ಸರ್ಕಾರದ ದಂತಭಾಗ್ಯ ಹಲ್ಲೆಲ್ಲ ಹೋದವರಿಗೆ ಸೆಟ್ ಕೊಡುತ್ತೆ. ಹೋಗುವ ಮುಂಚಿನ ಕಥೆ ಹೇಳಿ.

#13 · ಕರಾವಳಿ_ರೆಸಿನ್

ನಲವತ್ತು ವರ್ಷ ಹುಳುಕು ಬಾರದ ಗೆರೆಗೆ ಈಗ ಸೀಲ್ ಬೇಕಾಗಿಲ್ಲ. ಎಲೆಅಡಿಕೆ, ಕಾಫಿಯ ಕಪ್ಪು ಕಲೆಯನ್ನು ತೋರಿಸಿ ಎಂಟು ಹಲ್ಲಿಗೆ ಬಿಲ್ ಮಾಡುವವರಿದ್ದಾರೆ, ಗಟ್ಟಿಯಾದ ಹೊಳಪಿನ ಕಪ್ಪು ಹುಳುಕಲ್ಲ.

ಬೇಕಾಗುವವರು: ಬಾಯಿ ಒಣಗುವ ಔಷಧಿ ತೆಗೆದುಕೊಳ್ಳುವವರು (ಅಲರ್ಜಿ, ಖಿನ್ನತೆಯ ಕೆಲವು ಮಾತ್ರೆಗಳು), ತಲೆ-ಕುತ್ತಿಗೆಗೆ ರೇಡಿಯೇಷನ್ ಆದವರು, ಕ್ಲಿಪ್ ಹಾಕಿಸಿಕೊಂಡ ಕಾಲೇಜು ಹುಡುಗರು, ಎರಡು ವರ್ಷದಲ್ಲಿ ಹೊಸ ಹುಳುಕು ಬಂದು ಪಕ್ಕದ ಹಲ್ಲಿನಲ್ಲಿ ಆಳ ಗೆರೆ ಇರುವವರು. ಹಾಕುವ ಕ್ರಮ ಒಂದೇ, ಒಣಗಿಸುವುದು ಮಕ್ಕಳಿಗಿಂತ ಸುಲಭ. ಮೇಲಿನ ಬದಿಯ ಸಣ್ಣ ಬಾಚಿಹಲ್ಲಿನ ಹಿಂಬದಿಯಲ್ಲಿ ಒಂದು ಕುಳಿ ಇರುತ್ತದೆ, ಅದನ್ನೂ ನೋಡಿ. ದೊಡ್ಡವರಲ್ಲಿ ಕಚ್ಚು ಬಲ ಜಾಸ್ತಿ: ಫಿಲ್ಲರ್ (ಗಟ್ಟಿ ಪುಡಿ) ಇರುವ ಸೀಲೆಂಟ್ ಎತ್ತರವಾಗಿದ್ದರೆ ತಾನಾಗಿ ಸವೆಯುವುದಿಲ್ಲ, ಆರ್ಟಿಕ್ಯುಲೇಟಿಂಗ್ ಪೇಪರ್ (ಕಚ್ಚಿದ ಜಾಗ ಗುರುತಿಸುವ ಬಣ್ಣದ ಕಾಗದ) ಕಚ್ಚಿಸಿ ತಗ್ಗಿಸಿ. ಫಿಲ್ಲರ್ ಇಲ್ಲದ್ದು ಕೆಲವು ದಿನದಲ್ಲಿ ಸರಿಹೋಗುತ್ತದೆ. ವಸಡು ಇಳಿದು ಬೇರು ಕಂಡವರ ಹುಳುಕಿಗೆ ಇದು ಮದ್ದಲ್ಲ, ಅಲ್ಲಿಗೆ ಫ್ಲೋರೈಡ್ ವಾರ್ನಿಷ್. ಎರಡೂ ಒಂದೇ ದಿನ ಆದರೆ ಸೀಲೆಂಟ್ ಮೊದಲು, ವಾರ್ನಿಷ್ ಕೊನೆಗೆ.

#14 · ರಸಾಯನ_ಮೇಷ್ಟ್ರು

ಪ್ರಯೋಜನ ಎಷ್ಟು ಅನ್ನುವುದಕ್ಕೆ ಒಂದು ಕಡೆ ಶೇ 80, ಇನ್ನೊಂದು ಕಡೆ ಶೇ 11 ಅಂತ ಓದಿದೆ. ಇಷ್ಟು ಅಂತರ ಹೇಗೆ?

#15 · ಶಾಲಾದಂತ

ಎರಡೂ ಬೇರೆ ಲೆಕ್ಕ ಮೇಷ್ಟ್ರೇ. ಶೇ 80 ಅನ್ನೋದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಮಾತು: ದವಡೆ ಹಲ್ಲಿನ ಹುಳುಕನ್ನ ಎರಡು ವರ್ಷ ಅಷ್ಟು ತಡೆಯುತ್ತೆ, ನಾಲ್ಕು ವರ್ಷದವರೆಗೆ ಶೇ 50. ಶೇ 11ರಿಂದ 51 ಅನ್ನೋದು ಹಲವು ಅಧ್ಯಯನ ಒಟ್ಟು ಸೇರಿಸಿ ನೋಡಿದ 2017ರ ಕಾಕ್ರೇನ್ ವಿಮರ್ಶೆಯದ್ದು, ಅದು ಕಳೆಯುವ ಲೆಕ್ಕ. ಸೀಲ್ ಇಲ್ಲದಿದ್ದರೆ 100 ಹಲ್ಲಿನಲ್ಲಿ 16 ಹುಳುಕಾಗುವ ಕಡೆ ಸೀಲ್ ಮಾಡಿದರೆ 5ರ ಸುಮಾರಿಗೆ ಇಳಿಯುತ್ತೆ, ಅಂದರೆ 11 ಕಡಿಮೆ. 70 ಹುಳುಕಾಗುವ ಕಡೆ 19ಕ್ಕೆ ಇಳಿಯುತ್ತೆ, 51 ಕಡಿಮೆ. ಹಾಗಾಗಿ ಮೂರು ಸಾಮಗ್ರಿ ಡಬ್ಬ ಇದ್ದು ಮೂವತ್ತು ಶಾಲೆ ಕಾಯ್ತಿದ್ದರೆ, ಹುಳುಕು ಜಾಸ್ತಿ ಇರುವ ಶಾಲೆಗೆ ಮೊದಲು ಹೋಗಿ.

'ಮುಂದಿನ ವರ್ಷ ಬರ್ತೀವೋ ಇಲ್ಲವೋ, ಉದುರಿದರೆ ಹಲ್ಲು ಇನ್ನೂ ಕೆಡುತ್ತೆ' ಅಂತ ಕೆಲವರು ಶಿಬಿರವನ್ನೇ ಬಿಡ್ತಾರೆ. ಸೀಲೆಂಟ್ ಪೂರ್ತಿ ಬಿದ್ದುಹೋದ ಹಲ್ಲಿಗೆ, ಎಂದೂ ಹಾಕದ ಹಲ್ಲಿಗಿಂತ ಹೆಚ್ಚಿನ ಅಪಾಯ ಕಂಡುಬಂದಿಲ್ಲ.

#16 · ಆರನೇಹಲ್ಲು

ಮರುತಪಾಸಣೆ ಕಾರ್ಡಿಗೆ ಏನು ಬರೆಯೋದು? ನಮ್ಮಲ್ಲಿ 'ಇದೆ / ಇಲ್ಲ' ಎರಡೇ ಕಾಲಂ.

#17 · ಪೆಡೋ_ಹುಬ್ಬಳ್ಳಿ

ಮೂರು ಮಾಡ್ರಿ: ಪೂರ್ತಿ ಐತಿ, ಅರ್ಧ ಐತಿ, ಇಲ್ಲ. ಮತ್ತ ಪ್ರತಿ ಹಲ್ಲಿಗೂ ಎರಡು ಜಾಗ ಬ್ಯಾರೆ ಬ್ಯಾರೆ ಬರೀರಿ. ಕೆಳಗಿನದಕ್ಕ ಮೇಲ್ಮೈ ಮತ್ತ ಕೆನ್ನಿ ಕಡಿ ಕುಳಿ, ಮ್ಯಾಲಿನದಕ್ಕ ಮೇಲ್ಮೈ ಮತ್ತ ಅಂಗುಳ ಕಡಿ ಗೆರಿ. ಮೊದ್ಲ ಉದುರೂದು ಆ ಕೆನ್ನಿ ಕಡಿ ಕುಳಿದು ಮತ್ತ ಅಂಗುಳ ಕಡಿ ಗೆರಿದು. ಕೆನ್ನಿ ಕಡಿ ಕುಳಿ ಮ್ಯಾಲೆ ರೋಲ್ ಒತ್ತಿಕೊಂಡು ಕುಂತಿರ್ತೈತಿ, ಹಸಿ ಹತ್ತಿ ತಾಗಿರ್ತೈತಿ.

ಆರು ತಿಂಗಳಿಗೆ ನೋಡೂಮುಂದ ಒಣಗಿಸಿ, ಎಕ್ಸ್‌ಪ್ಲೋರರ್ ಅಂಚಿನ ಮ್ಯಾಲೆ ಅಡ್ಡ ಎಳೀರಿ. ಮೆಟ್ಟಿಲ ಸಿಕ್ತು ಅಂದ್ರ ಅಂಚು ಎದ್ದೈತಿ. ಉಳದದ್ದನ್ನ ಕಿತ್ತು ತಗಿಯೂದು ಬ್ಯಾಡ; ಗಟ್ಟಿ ಇದ್ದದ್ದು ಇರ್ಲಿ, ಅದರ ಮೈ ಸ್ವಲ್ಪ ಒರಟು ಮಾಡಿ, ಜೆಲ್ ಹಚ್ಚಿ, ತೊಳದು, ಒಣಗಿಸಿ, ಹೋದ ಜಾಗಕ್ಕಷ್ಟ ಹೊಸದು ಹಾಕ್ರಿ. ರೋಲ್ ಮಾತ್ರ ಈ ಸಲ ಆ ಕುಳಿಯಿಂದ ಎರಡು ಮಿ.ಮೀ. ಕೆಳಗ ಕುಂದರ್ಸ್ರಿ.